ಇವತ್ತು ಬ್ಯಾಟರಿ, ನಾಳೆ ಸೋಲಾರ್: ಮನೆಗೆ ಇನ್ವರ್ಟರ್ ಹಾಕ್ಸೋ ಮುಂಚೆ ಮಾಡಬೇಕಾದ ಲೆಕ್ಕ

ಕಲಬುರಗಿ: ಏಪ್ರಿಲ್ ಬಂತಂದ್ರೆ ನಮ್ಮ ಕಡೆ ಎರಡು ಮಾತು ಎಲ್ಲರ ಬಾಯಲ್ಲೂ. ಒಂದು, "ಏನ್ ಬಿಸಲ್ರೀ ಇದು". ಇನ್ನೊಂದು, "ಕರೆಂಟ್ ಹೋತು". ಹಗಲು 42-43 ಡಿಗ್ರಿ ಬಿಸಿಲು, ಸಂಜೆ ಗಾಳಿ-ಮಳೆ, ಎಲ್ಲೋ ಒಂದು ಕಂಬ ಬಿತ್ತು, ಎಲ್ಲೋ ತಂತಿ ಮೇಲೆ ಟೊಂಗೆ ಬಿತ್ತು ಅಂದ್ರೆ ರಾತ್ರಿ ಪೂರ್ತಿ ಫ್ಯಾನ್ ಇಲ್ಲ. ಮನೆಯಲ್ಲಿ ಕೂಸು, ವಯಸ್ಸಾದವರು, ಫ್ರಿಜ್‌ನಲ್ಲಿ ಇನ್ಸುಲಿನ್ ಇಟ್ಟವರು ಇದ್ದರೆ ಇದು ಬರೀ ತೊಂದರೆ ಅಲ್ಲ, ಆರೋಗ್ಯದ ಪ್ರಶ್ನೆ.

ಅದಕ್ಕೇ ಬೇಸಿಗೆ ಶುರುವಾಗುತ್ತಲೇ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಇನ್ವರ್ಟರ್ ಕೇಳೋರ ಸಂಖ್ಯೆ ಹೆಚ್ಚುತ್ತದೆ. ಅಲ್ಲಿ ನಡೆಯೋ ಮಾತು ಬಹುತೇಕ ಹೀಗಿರುತ್ತದೆ:

"ಅಣ್ಣಾ, ಮುಂದ ಸೋಲಾರ್ ಹಾಕ್ಸಬೇಕಂತ ಅದ. ಇದೇ ಇನ್ವರ್ಟರ್ ನಡೀತದೇನು?"

"ನಡೀತದ್ರೀ ಸಾಹೇಬ್ರ, ಚಿಂತಿ ಮಾಡಬ್ಯಾಡ್ರಿ."

ಈ ಉತ್ತರ ಅರ್ಧ ನಿಜ. ಸಾದಾ ಇನ್ವರ್ಟರ್‌ಗೂ ಹೊರಗಿನಿಂದ ಒಂದು ಚಾರ್ಜ್ ಕಂಟ್ರೋಲರ್ ಕೂಡಿಸಿ ಪ್ಯಾನೆಲ್ ಜೋಡಿಸಬಹುದು. ಆದರೆ ಹಾಗೆ ಜೋಡಿಸಿದ್ದು ಎಷ್ಟು ಕೆಲಸ ಮಾಡುತ್ತದೆ, ಸಬ್ಸಿಡಿ ಸಿಗುತ್ತದಾ, ಎರಡು ವರ್ಷದ ಮೇಲೆ ಇನ್ವರ್ಟರ್, ಬ್ಯಾಟರಿ ಎರಡನ್ನೂ ಬದಲಿಸೋ ಪರಿಸ್ಥಿತಿ ಬರುತ್ತದಾ ಅನ್ನೋದು ಬೇರೆ ಮಾತು. ಕಲಬುರಗಿ ನಗರದ ಮನೆಗೂ ಕಮಲಾಪುರ ಕಡೆಯ ಹೊಲದ ಮನೆಗೂ ಲೆಕ್ಕ ಬೇರೆ ಬೇರೆ. ಒಂದೊಂದಾಗಿ ನೋಡೋಣ.

ಮೊದಲು ಲೋಡ್ ಬರೆಯಿರಿ

ಅಂಗಡಿಗೆ ಹೋಗೋ ಮುಂಚೆ ಒಂದು ಹಾಳೆ ತಗೊಂಡು, ಕರೆಂಟ್ ಹೋದಾಗ ನಡೆಯಲೇಬೇಕಾದ ಸಾಮಾನು ಯಾವುವು ಅಂತ ಬರೆಯಿರಿ. ನಗರದ ಒಂದು ಸಾಧಾರಣ ಮನೆಯ ಉದಾಹರಣೆ:

- ಹಳೆ ಮಾದರಿ ಫ್ಯಾನ್ 3: ತಲಾ 75 ವ್ಯಾಟ್, ಒಟ್ಟು 225
- ಎಲ್‌ಇಡಿ ಬಲ್ಬ್ 5: ತಲಾ 9 ವ್ಯಾಟ್, ಒಟ್ಟು 45
- ಟಿವಿ: 60
- ವೈಫೈ: 10
- ಮೊಬೈಲ್ ಚಾರ್ಜರ್ 2: 20

ಎಲ್ಲಾ ಕೂಡಿದರೆ 360 ವ್ಯಾಟ್. ಈಗ 150 ಎಎಚ್‌ನ ಒಂದು ಬ್ಯಾಟರಿ ತಗೊಂಡಿರಿ ಅಂತ ಹಿಡಿಯೋಣ. 12 ವೋಲ್ಟ್ ಗುಣಿಸು 150 ಅಂದ್ರೆ 1,800 ವ್ಯಾಟ್ ಅವರ್. ಇದು ಬರೀ ಲೇಬಲ್ ಮೇಲಿನ ಲೆಕ್ಕ. ಟ್ಯೂಬುಲರ್ ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಂದ್ರೆ ದಿನಾ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಂದ್ರೆ 900. ಇನ್ವರ್ಟರ್ ಒಳಗೆ ಸುಮಾರು ಶೇ 15ರಷ್ಟು ನಷ್ಟ ಹೋಗುತ್ತದೆ. ಕೈಗೆ ಸಿಗೋದು 765 ವ್ಯಾಟ್ ಅವರ್. ಅದನ್ನು 360ರಿಂದ ಭಾಗಿಸಿದರೆ ಎರಡು ತಾಸಿನ ಮೇಲೆ ಸ್ವಲ್ಪ. "ಐದಾರು ತಾಸು ಬರ್ತದ" ಅಂತ ಹೇಳಿದ್ದು ಎಲ್ಲಿ ಹೋಯ್ತು ಅಂತ ಜನ ಕೇಳೋದು ಇಲ್ಲೇ.

ಇದೇ ಮನೆಯಲ್ಲಿ ಮೂರೂ ಫ್ಯಾನ್ ತೆಗೆದು ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಒಂದಕ್ಕೆ ಸುಮಾರು 30 ವ್ಯಾಟ್ ಸಾಕು. ಒಟ್ಟು ಲೋಡ್ 360ರಿಂದ 225ಕ್ಕೆ ಇಳಿಯುತ್ತದೆ. ಅದೇ ಬ್ಯಾಟರಿ ಎರಡು ತಾಸಿನ ಬದಲು ಸುಮಾರು ಮೂರೂವರೆ ತಾಸು ನಡೆಯುತ್ತದೆ. ಅಂದ್ರೆ ಎರಡನೇ ಬ್ಯಾಟರಿಗೆ ದುಡ್ಡು ಹಾಕೋ ಮೊದಲು ಫ್ಯಾನ್‌ಗೆ ಹಾಕೋದು ಜಾಣತನ. ಮುಂದೆ ಸೋಲಾರ್ ಹಾಕುವಾಗಲೂ ಪ್ಯಾನೆಲ್ ಕಡಿಮೆ ಸಾಕಾಗುತ್ತದೆ.

ಕೂಲರ್ ಬೇಕೇ ಬೇಕು ಅನ್ನೋರು 150-200 ವ್ಯಾಟ್ ಬೇರೆ ಕೂಡಿಸಿಕೊಳ್ಳಿ. ಫ್ರಿಜ್, ನೀರಿನ ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತವೆ. ಸಣ್ಣ ಇನ್ವರ್ಟರ್ ಮೇಲೆ ಮೋಟಾರ್ ಹಾಕಲೇಬೇಡಿ. ಇನ್ವರ್ಟರ್ ಮೇಲೆ ಬರೆದ ವಿಎ ಅನ್ನೋದೂ ವ್ಯಾಟ್ ಅನ್ನೋದೂ ಒಂದೇ ಅಲ್ಲ. 1,000 ವಿಎ ಅಂದ್ರೆ ಸಾಮಾನ್ಯವಾಗಿ 800 ವ್ಯಾಟ್ ಆಸುಪಾಸು.

12 ವೋಲ್ಟೋ, 24 ವೋಲ್ಟೋ, 48 ವೋಲ್ಟೋ?

ಮುಂದೆ ಸೋಲಾರ್ ಹಾಕೋ ಮನಸ್ಸಿದ್ದವರು ಮಾಡೋ ಮೊದಲ ತಪ್ಪು ಇಲ್ಲೇ. ಒಂದು ಬ್ಯಾಟರಿಯ 12 ವೋಲ್ಟ್ ಇನ್ವರ್ಟರ್ ಅಗ್ಗ, ಬರೀ ಫ್ಯಾನ್-ಲೈಟ್‌ಗೆ ಸಾಕು. ಆದರೆ ವೋಲ್ಟ್ ಕಡಿಮೆ ಇದ್ದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಹೆಚ್ಚು. 1,000 ವ್ಯಾಟ್ ಲೋಡ್‌ಗೆ 12 ವೋಲ್ಟ್‌ನಲ್ಲಿ ನಷ್ಟ ಸೇರಿ 100 ಆಂಪಿಯರ್ ಹತ್ತಿರ ಹರಿಯುತ್ತದೆ. 24ರಲ್ಲಿ ಅದರ ಅರ್ಧ, 48ರಲ್ಲಿ ಕಾಲು ಭಾಗ. ಆಂಪಿಯರ್ ಹೆಚ್ಚಾದಷ್ಟೂ ವೈರ್ ದಪ್ಪ ಬೇಕು, ಬಿಸಿ ಹೆಚ್ಚು, ಟರ್ಮಿನಲ್ ಸುಡೋ ಭಯ ಹೆಚ್ಚು.

ಆದ್ದರಿಂದ ಬರೀ ಲೈಟು-ಫ್ಯಾನಿಗೆ 12 ವೋಲ್ಟ್ ಸಾಕು. ಒಂದೆರಡು ಪ್ಯಾನೆಲ್ ಹಾಕೋ ಯೋಚನೆ ಇದ್ದರೆ 24, ಇಡೀ ಮನೆಗೆ 3 ಕಿಲೋವ್ಯಾಟ್ ಮಟ್ಟದ ಸೋಲಾರ್ ಬೇಕಂದ್ರೆ 48 ಅನ್ನೋದು ಸರಳ ಸೂತ್ರ.

ಎರಡನೇ ತಪ್ಪು ಪ್ಯಾನೆಲ್ ಮತ್ತು ಕಂಟ್ರೋಲರ್ ಹೊಂದಾಣಿಕೆ. ಈಗ ಮಾರ್ಕೆಟ್‌ನಲ್ಲಿ ಸಿಗೋ 540-550 ವ್ಯಾಟ್‌ನ ದೊಡ್ಡ ಪ್ಯಾನೆಲ್ ಸುಮಾರು 41 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಪ್ಯಾನೆಲನ್ನು ಬ್ಯಾಟರಿಯ ವೋಲ್ಟ್‌ಗೆ ಎಳೆದು ತರುತ್ತದೆ. 12 ವೋಲ್ಟ್ ಬ್ಯಾಟರಿಗೆ ಈ ಪ್ಯಾನೆಲ್ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಹಾಳು. ಎಂಪಿಪಿಟಿ ಕಂಟ್ರೋಲರ್ ಹಾಗಲ್ಲ. ಅದು ಹೆಚ್ಚಿನ ವೋಲ್ಟನ್ನು ಇಳಿಸಿ ಆಂಪಿಯರ್ ಮಾಡಿ ಬ್ಯಾಟರಿಗೆ ಕೊಡುತ್ತದೆ. ಇವತ್ತು ಪ್ಯಾನೆಲ್ ಇರಲಿ, ಬಿಡಲಿ, ಇನ್ವರ್ಟರ್ ಒಳಗೇ ಎಂಪಿಪಿಟಿ ಇರೋದನ್ನೇ ತಗೊಳ್ಳಿ. ಅದರ ಹಿಂದಿನ ಪಟ್ಟಿಯಲ್ಲಿ "ಗರಿಷ್ಠ ಸೋಲಾರ್ ವೋಲ್ಟ್" ಮತ್ತು "ಗರಿಷ್ಠ ಸೋಲಾರ್ ವ್ಯಾಟ್" ಎಷ್ಟು ಅಂತ ನೋಡಿ ಬರೆದಿಟ್ಟುಕೊಳ್ಳಿ. ಲೋಡ್ ಇಲ್ಲದಾಗ ಇಂಥ ಒಂದು ಪ್ಯಾನೆಲ್ 50 ವೋಲ್ಟ್ ಹತ್ತಿರ ತೋರಿಸುತ್ತದೆ. ಎರಡನ್ನು ಸರಣಿಯಲ್ಲಿ ಕಟ್ಟಿದರೆ 100. ಇನ್ವರ್ಟರ್‌ನ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಮೊದಲ ದಿನವೇ ಸುಟ್ಟು ಹೋದೀತು.

ಆನ್‌ಗ್ರಿಡ್ ಹಾಕಿಸಿದ್ರೂ ಕತ್ತಲೇ!

ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಇದು. ಸಬ್ಸಿಡಿಯಲ್ಲಿ ಹಾಕಿಸೋ ಸಾದಾ ಆನ್‌ಗ್ರಿಡ್ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಮಧ್ಯಾಹ್ನ 12ರ ಸುಡುಬಿಸಿಲಲ್ಲೂ ಅಷ್ಟೇ. ಇದು ದೋಷ ಅಲ್ಲ, ಬೇಕೆಂದೇ ಮಾಡಿದ್ದು. ಲೈನ್ ಬಂದ್ ಮಾಡಿ ಕಂಬದ ಮೇಲೆ ಕೆಲಸ ಮಾಡ್ತಿರೋ ಲೈನ್‌ಮನ್‌ಗೆ ನಿಮ್ಮ ಮಾಳಿಗೆ ಮೇಲಿಂದ ಹೋದ ಕರೆಂಟ್ ಹೊಡೆಯಬಾರದು ಅಂತ.

ಮೂರು ನಮೂನೆ ನೆನಪಿಡಿ:

- ಆನ್‌ಗ್ರಿಡ್: ಬ್ಯಾಟರಿ ಇಲ್ಲ. ಬಿಲ್ ಇಳಿಯುತ್ತದೆ. ಕರೆಂಟ್ ಹೋದರೆ ನಿಲ್ಲುತ್ತದೆ.
- ಆಫ್‌ಗ್ರಿಡ್: ಬ್ಯಾಟರಿ ಇದೆ, ಕತ್ತಲಲ್ಲಿ ನಡೆಯುತ್ತದೆ. ಜೆಸ್ಕಾಂಗೆ ಕರೆಂಟ್ ಮಾರೋದಿಲ್ಲ. ಗ್ರಿಡ್ ಸಬ್ಸಿಡಿ ಸಿಗೋದಿಲ್ಲ.
- ಹೈಬ್ರಿಡ್: ಎರಡೂ ಕೆಲಸ. ಬೆಲೆ ಹೆಚ್ಚು.

ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಶುರುವಾಯಿತು. ಅದರಲ್ಲಿ 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂ. ಕೇಂದ್ರದ ಸಹಾಯಧನ. ಇದು ಸೋಲಾರ್‌ನ ಕಿಲೋವ್ಯಾಟ್ ಮೇಲೆ ಲೆಕ್ಕ. ಬ್ಯಾಟರಿಗೆ ಬೇರೆ ದುಡ್ಡಿಲ್ಲ. ಅರ್ಜಿ ಸರ್ಕಾರದ ರಾಷ್ಟ್ರೀಯ ಪೋರ್ಟಲ್‌ನಲ್ಲೇ ಹಾಕಬೇಕು, ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಬೇಕು, ಪ್ಯಾನೆಲ್ ದೇಶದಲ್ಲೇ ತಯಾರಾದ ಸೆಲ್‌ನದ್ದೇ ಆಗಿರಬೇಕು. "ಈಗ ಅಗ್ಗಕ್ಕ ಸಿಕ್ಕಾವ, ಎರಡು ಪ್ಯಾನೆಲ್ ತಂದಿಡ್ತೀನಿ, ಆಮ್ಯಾಗ ಸಬ್ಸಿಡಿ ತಗೋತೀನಿ" ಅನ್ನೋರು ಇಲ್ಲೇ ಎಡವುತ್ತಾರೆ. ಮೊದಲೇ ತಂದ ಬೇರೆ ನಮೂನೆ ಪ್ಯಾನೆಲ್‌ಗೆ ಸಹಾಯಧನ ಇಲ್ಲ.

ಇನ್ನೊಂದು ಮಾತು. ನಮ್ಮ ಊರಿನ ಹಳೆ ಓಣಿಗಳಲ್ಲಿ ಎಷ್ಟೋ ಮೀಟರ್ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇವೆ. ಅರ್ಜಿದಾರರ ಹೆಸರು ಕರೆಂಟ್ ಬಿಲ್‌ನ ಹೆಸರಿಗೆ ಹೊಂದಬೇಕು. ಸೋಲಾರ್ ಎರಡು ವರ್ಷದ ಮೇಲೆ ಹಾಕಿಸಿದರೂ ಸರಿ, ಆರ್‌ಆರ್ ನಂಬರ್‌ನ ಹೆಸರು ಬದಲಾವಣೆ ಕೆಲಸ ಈಗಲೇ ಮುಗಿಸಿಕೊಳ್ಳಿ.

ಗೃಹಜ್ಯೋತಿ ಮನೆಗೆ ಸೋಲಾರ್ ಬೇಕಾ?

ಗೃಹಜ್ಯೋತಿಗೆ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. ಶೂನ್ಯ ಬಿಲ್ ಬರೋ ಮನೆಗೆ ಸೋಲಾರ್‌ನಿಂದ ಉಳಿಯೋ ದುಡ್ಡು ಕಡಿಮೆ. ಅಂಥವರು "ಬಿಲ್ ಉಳಿತದ" ಅನ್ನೋ ಮಾತಿಗೆ ಮರುಳಾಗಿ ಸಾಲ ಮಾಡಬಾರದು. ಅವರಿಗೆ ಬೇಕಾದದ್ದು ಕತ್ತಲಿಗೆ ಒಂದು ಆಸರೆ, ಅಂದ್ರೆ ಒಳ್ಳೆ ಬ್ಯಾಟರಿ.

ಆದರೆ ಒಂದು ಎಚ್ಚರಿಕೆ. ಇನ್ವರ್ಟರ್ ಸುಮ್ಮನೆ ಕೂತಾಗಲೂ ಕರೆಂಟ್ ತಿನ್ನುತ್ತದೆ. 15 ವ್ಯಾಟ್ ಅಂತ ಹಿಡಿದರೂ ತಿಂಗಳಿಗೆ ಸುಮಾರು 11 ಯೂನಿಟ್. ಬ್ಯಾಟರಿ ಚಾರ್ಜ್ ಆಗುವಾಗಿನ ನಷ್ಟ ಬೇರೆ. ಗೃಹಜ್ಯೋತಿಯಲ್ಲಿ ನಿಮಗೆ ಗೊತ್ತು ಮಾಡಿದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಅಂಚಿನಲ್ಲಿ ಇರೋ ಮನೆಯವರು ಹಿಂದಿನ ಬಿಲ್ ತೆಗೆದು ನೋಡಿಯೇ ಮುಂದುವರಿಯಲಿ. ಬಿಎಲ್‌ಡಿಸಿ ಫ್ಯಾನ್ ಇಲ್ಲೂ ಕೈ ಹಿಡಿಯುತ್ತದೆ.

ಎಸಿ, ಕೂಲರ್, ಗೀಸರ್ ಅಂತ ತಿಂಗಳಿಗೆ 250-300 ಯೂನಿಟ್ ಸುಡೋ ಮನೆಯ ಲೆಕ್ಕವೇ ಬೇರೆ. 1 ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಕಡೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 2 ಕಿಲೋವ್ಯಾಟ್ ಅಂದ್ರೆ ತಿಂಗಳಿಗೆ 240 ಆಸುಪಾಸು. ಅಂಥವರಿಗೆ ಹೈಬ್ರಿಡ್ ಹಾಕಿ ಬಿಲ್ಲನ್ನೂ ಇಳಿಸೋದು, ಬ್ಯಾಕಪ್ಪನ್ನೂ ಪಡೆಯೋದು ಎರಡೂ ಸಾಧ್ಯ.

ಕಮಲಾಪುರದ ಹೊಲದ ಮನೆ: ಚಾರ್ಜೇ ಆಗದ ಬ್ಯಾಟರಿ

ಕಮಲಾಪುರ ಅಂದ್ರೆ ಕೆಂಪು ಬಾಳೆ. ತೋಟ ಕಾಯೋಕೆ ಹೊಲದಲ್ಲೇ ಮನೆ ಮಾಡಿಕೊಂಡವರು ಈ ಭಾಗದಲ್ಲಿ ಇದ್ದಾರೆ. ಊರೊಳಗಿನ ಮನೆಗೆ ಒಂದು ಲೈನ್, ಪಂಪ್‌ಸೆಟ್‌ಗೆ ಇನ್ನೊಂದು ಲೈನ್. ಪಂಪ್‌ಸೆಟ್ ಲೈನ್ ಮೇಲಿರೋ ಹೊಲದ ಮನೆಗೆ ಕರೆಂಟ್ ಪಾಳಿ ಪ್ರಕಾರ. ಇಲ್ಲಿ ಬ್ಯಾಟರಿಗೆ ಬರೋ ರೋಗವೇ ಬೇರೆ.

150 ಎಎಚ್ ಬ್ಯಾಟರಿಯನ್ನು ಸುಮಾರು 15 ಆಂಪಿಯರ್‌ನಲ್ಲಿ ಚಾರ್ಜ್ ಮಾಡಬೇಕು. ಪೂರ್ತಿ ಖಾಲಿಯಿಂದ ತುಂಬೋಕೆ 10-12 ತಾಸು ಬೇಕು. ಕರೆಂಟ್ ಬಂದು-ಹೋಗಿ ಮಾಡಿದರೆ ಬ್ಯಾಟರಿ ಎಂದೂ ಪೂರ್ತಿ ತುಂಬೋದಿಲ್ಲ. ಅರೆಬರೆ ತುಂಬಿದ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಐದು ವರ್ಷ ಬರಬೇಕಾದ ಬ್ಯಾಟರಿ ಎರಡೇ ವರ್ಷಕ್ಕೆ "ಡೆಡ್" ಆಗಿರುತ್ತದೆ. ಜನ ಕಂಪನಿಗೆ ಬೈತಾರೆ, ತಪ್ಪು ಚಾರ್ಜಿಂಗ್‌ನದ್ದು.

ಇಂಥ ಕಡೆ ಪ್ಯಾನೆಲ್ ಅನ್ನೋದು ಉಳಿತಾಯಕ್ಕಲ್ಲ, ಬ್ಯಾಟರಿಯ ಜೀವ ಉಳಿಸೋಕೆ. ಲೆಕ್ಕ ಹೀಗೆ ಹಾಕಿ. ಎರಡು ಬಿಎಲ್‌ಡಿಸಿ ಫ್ಯಾನ್, ಆರು ಬಲ್ಬ್, ಟಿವಿ, ಮೊಬೈಲ್ ಸೇರಿ ಸುಮಾರು 200 ವ್ಯಾಟ್. ರಾತ್ರಿ 8 ತಾಸಿಗೆ 1.6 ಯೂನಿಟ್. ಇನ್ವರ್ಟರ್ ನಷ್ಟ ಸೇರಿದರೆ 1.9. ಬ್ಯಾಟರಿ ಅರ್ಧವೇ ಖಾಲಿಯಾಗಬೇಕು ಅಂದ್ರೆ 3.8 ಯೂನಿಟ್ ಸಂಗ್ರಹ ಬೇಕು. 150 ಎಎಚ್‌ನ ಎರಡು ಬ್ಯಾಟರಿ 24 ವೋಲ್ಟ್‌ನಲ್ಲಿ ಕಟ್ಟಿದರೆ 3.6 ಯೂನಿಟ್. ಹೆಚ್ಚೂಕಡಿಮೆ ಸರಿಹೋಯ್ತು.

550 ವ್ಯಾಟ್‌ನ ಒಂದು ಪ್ಯಾನೆಲ್ ದಿನಕ್ಕೆ 2.2 ಯೂನಿಟ್ ಆಸುಪಾಸು ಕೊಡುತ್ತದೆ. ಬ್ಯಾಟರಿ ನಷ್ಟ ತೆಗೆದರೆ ಅಂಚಿನ ಲೆಕ್ಕ. ಮಳೆಗಾಲದ ಮೋಡಕ್ಕೆ ಸಾಲದು. ಹಾಗಾಗಿ ಒಂದರಿಂದ ಶುರು ಮಾಡಿ, ಎರಡನೆಯದಕ್ಕೆ ಜಾಗ, ಕಂಬಿ, ವೈರ್ ಈಗಲೇ ಬಿಟ್ಟುಕೊಳ್ಳಿ. ಎರಡನೇ ಪ್ಯಾನೆಲ್ ಬಂದ ಮೇಲೆ ಚಾರ್ಜಿಂಗ್ 15-20 ಆಂಪಿಯರ್ ದಾಟದಂತೆ ಇನ್ವರ್ಟರ್‌ನಲ್ಲಿ ಮಿತಿ ಹಾಕಿಸಿ. ಉಳಿದ ಶಕ್ತಿ ಹಗಲಿನ ಫ್ಯಾನ್, ಕೂಲರ್‌ಗೆ ಹೋಗುತ್ತದೆ.

ಟ್ಯೂಬುಲರೋ, ಲಿಥಿಯಮ್ಮೋ?

ಬರೀ ಬೆಲೆ ನೋಡಬೇಡಿ, ಬಾಳಿಕೆಯಲ್ಲಿ ಒಟ್ಟು ಎಷ್ಟು ಯೂನಿಟ್ ಸಿಗುತ್ತದೆ ನೋಡಿ. 150 ಎಎಚ್ ಟ್ಯೂಬುಲರ್ ಒಂದು ಸಲಕ್ಕೆ 0.9 ಯೂನಿಟ್ ಅಂತ 1,200 ಸಲ ಕೊಟ್ಟರೆ 1,080 ಯೂನಿಟ್. 12.8 ವೋಲ್ಟ್, 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಶೇ 80ರಷ್ಟು ಬಳಸಿದರೆ ಸಲಕ್ಕೆ 1 ಯೂನಿಟ್ ಮೇಲೆ, 3,000 ಸಲಕ್ಕೆ 3 ಸಾವಿರ ಯೂನಿಟ್. ಅಂದ್ರೆ ದಿನಾ ಬ್ಯಾಟರಿ ಖಾಲಿಯಾಗೋ ಮನೆಗೆ ಲಿಥಿಯಂ ಎರಡೂವರೆ ಪಟ್ಟು ಬೆಲೆ ಇದ್ದರೂ ನಷ್ಟ ಇಲ್ಲ. ವಾರಕ್ಕೊಮ್ಮೆ ಕರೆಂಟ್ ಹೋಗೋ ನಗರದ ಮನೆಗೆ ಅಷ್ಟು ಸಲ ಬಳಸೋ ಮುಂಚೆಯೇ ವರ್ಷ ಆಗಿಹೋಗುತ್ತದೆ. ಅವರಿಗೆ ಟ್ಯೂಬುಲರೇ ಸಾಕು.

ವಿಸ್ತರಣೆ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಎರಡು ವರ್ಷ ಹಳೆಯ ಟ್ಯೂಬುಲರ್ ಜೊತೆ ಹೊಸದನ್ನು ಕಟ್ಟಬಾರದು. ಹಳೆಯದು ಹೊಸದನ್ನೂ ಎಳೆದು ಹಾಕುತ್ತದೆ. ಆದ್ದರಿಂದ ಲೆಡ್ ಆಸಿಡ್ ಆದರೆ ಎಷ್ಟು ಬೇಕೋ ಅಷ್ಟನ್ನೂ ಒಂದೇ ಸಲ ತಗೊಳ್ಳಿ. ಕಂಪನಿ ಒಪ್ಪಿದ ಲಿಥಿಯಂ ಮಾಡ್ಯೂಲ್‌ಗಳನ್ನು ಮುಂದೆ ಪಕ್ಕದಲ್ಲಿ ಕೂಡಿಸಬಹುದು. ಇವತ್ತು ಟ್ಯೂಬುಲರ್ ಹಾಕಿ ನಾಳೆ ಲಿಥಿಯಂಗೆ ಹೋಗೋ ಆಸೆ ಇದ್ದರೆ, ಇನ್ವರ್ಟರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ನಮ್ಮ ಬಿಸಿಲಿಗೆ ತಕ್ಕ ಜಾಗ

ಲೆಡ್ ಆಸಿಡ್ ಬ್ಯಾಟರಿಗೆ 25 ಡಿಗ್ರಿ ಸರಿಯಾದ ಹವಾ. ಅದರ ಮೇಲೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಈ ಕೆಲಸದವರ ಹಳೆ ಲೆಕ್ಕ. ಲಿಥಿಯಂಗೂ 45 ಡಿಗ್ರಿ ಮೇಲೆ ಚಾರ್ಜ್ ಮಾಡೋದು ಒಳ್ಳೆಯದಲ್ಲ. ಹಾಗಿರುವಾಗ ಮಾಳಿಗೆ ಮೇಲಿನ ಪತ್ರಾಸ್ ಕೋಣೆಯಲ್ಲಿ ಬ್ಯಾಟರಿ ಇಟ್ಟರೆ ಏನಾದೀತು ಯೋಚಿಸಿ. ಕೆಳಗಿನ ಮನೆಯಲ್ಲಿ, ಉತ್ತರ ಅಥವಾ ಪೂರ್ವದ ಗೋಡೆ ಬದಿ, ಗಾಳಿ ಆಡೋ ಜಾಗ ಸರಿ. ಮಲಗೋ ಕೋಣೆ, ಬಾಗಿಲು ಹಾಕಿದ ಮೆಟ್ಟಿಲ ಕೆಳಗಿನ ಗೂಡು ಬೇಡ. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿಯಿಂದ ಬೆಂಕಿ ಹತ್ತೋ ಹೈಡ್ರೋಜನ್ ಗಾಳಿ ಬರುತ್ತದೆ.

ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ. ಹಾಕೋದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್ ನೀರು, ಫಿಲ್ಟರ್ ನೀರು ಬೇಡ.

ಪ್ಯಾನೆಲ್‌ಗೂ ಬಿಸಿ ಆಗಿ ಬರೋದಿಲ್ಲ. ಮೇ ತಿಂಗಳ ಮಧ್ಯಾಹ್ನ ಪ್ಯಾನೆಲ್ ಮೈ 65 ಡಿಗ್ರಿ ಮುಟ್ಟಿದರೆ ಉತ್ಪಾದನೆ ಶೇ 14ರಷ್ಟು ಬೀಳಬಹುದು. ಮಾಳಿಗೆಗೆ ಅಂಟಿಸದೆ, ಕೆಳಗೆ ಗಾಳಿ ಆಡೋ ಹಾಗೆ ಎತ್ತರಿಸಿ, ದಕ್ಷಿಣಕ್ಕೆ ಮುಖ ಮಾಡಿ 15-17 ಡಿಗ್ರಿ ಇಳಿಜಾರು ಕೊಡಿಸಿ. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಮಣ್ಣಿನ ಮಾಳಿಗೆ, ಹಳೆ ಶಹಾಬಾದ್ ಕಲ್ಲಿನ ಮಾಳಿಗೆ ಆದರೆ ಎಂಜಿನಿಯರ್ ಒಬ್ಬರಿಗೆ ತೋರಿಸದೆ ತೂತು ಕೊರೆಯಬೇಡಿ. ನಮ್ಮ ಕಡೆಯ ಏಪ್ರಿಲ್-ಮೇ ಗಾಳಿ ಪತ್ರಾಸ್ ಹಾರಿಸಿಕೊಂಡು ಹೋಗೋ ಗಾಳಿ ಅನ್ನೋದು ಮರೆಯಬೇಡಿ.

ಈಗಲೇ ಮಾಡಿಡಬೇಕಾದ ವೈರಿಂಗ್

ಸೋಲಾರ್ ನಾಳೆ ಬರಲಿ, ಇವಿಷ್ಟು ಇವತ್ತೇ ಆಗಲಿ:

- ಬ್ಯಾಕಪ್ ಬೇಕಾದ ಲೈಟು-ಫ್ಯಾನಿಗೆ ಬೇರೆ ಲೈನ್, ಬೇರೆ ನ್ಯೂಟ್ರಲ್. ನ್ಯೂಟ್ರಲ್ ಕಲಸಿದರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತಿರುತ್ತದೆ. ಕೆಲವರು ಅದನ್ನೇ ಕಿತ್ತು ಹಾಕಿಸುತ್ತಾರೆ. ಜೀವ ಉಳಿಸೋ ಸಾಧನ ಅದು.
- ಮಾಳಿಗೆಯಿಂದ ಇನ್ವರ್ಟರ್ ಜಾಗದವರೆಗೆ ಖಾಲಿ ಪೈಪ್. ಹೊಸ ಮನೆ ಕಟ್ಟೋರಂತೂ ಗೋಡೆಗೆ ಪ್ಲಾಸ್ಟರ್ ಆಗೋ ಮುಂಚೆ ಹಾಕಿಸಿಬಿಡಿ.
- ಬ್ಯಾಟರಿ ಪಕ್ಕದಲ್ಲೇ ಡಿಸಿ ಫ್ಯೂಸ್ ಅಥವಾ ಡಿಸಿ ಎಂಸಿಬಿ. ಸಾದಾ ಎಸಿ ಎಂಸಿಬಿ ನಡೆಯೋದಿಲ್ಲ.
- ಸರಿಯಾದ ಅರ್ಥಿಂಗ್. ಮುಂಗಾರು ಮುಂಚಿನ ಸಿಡಿಲು ನಮ್ಮ ಕಡೆ ಹೊಸದಲ್ಲ. ಪ್ಯಾನೆಲ್ ಹಾಕುವಾಗ ಅದರ ಕಂಬಿಗೂ, ಸಿಡಿಲು ತಡೆಗೂ ಬೇರೆ ಅರ್ಥಿಂಗ್ ಬೇಕು.
- ಇನ್ವರ್ಟರ್ ಔಟ್‌ಪುಟ್ಟನ್ನು ಪ್ಲಗ್‌ನಿಂದ ಪ್ಲಗ್‌ಗೆ ವೈರ್ ಕೊಟ್ಟು ಇಡೀ ಮನೆಗೆ ತಿರುಗಿಸೋ "ಜುಗಾಡ್" ಎಂದೂ ಬೇಡ. ಅದು ಕಂಬದ ಮೇಲಿನ ಲೈನ್‌ಮನ್ ಜೀವಕ್ಕೆ ಕುತ್ತು.

ಅಂಗಡಿಯಲ್ಲಿ ಕೇಳಬೇಕಾದ ಆರು ಪ್ರಶ್ನೆ

1. ಇದರಲ್ಲಿ ಎಂಪಿಪಿಟಿ ಇದೆಯಾ? ಗರಿಷ್ಠ ಸೋಲಾರ್ ವೋಲ್ಟ್, ವ್ಯಾಟ್ ಎಷ್ಟು?
2. ಆಫ್‌ಗ್ರಿಡ್ಡೋ, ಹೈಬ್ರಿಡ್ಡೋ? ನೆಟ್ ಮೀಟರ್‌ಗೆ ನಡೆಯುತ್ತದಾ?
3. ಲಿಥಿಯಂ ಸೆಟ್ಟಿಂಗ್ ಇದೆಯಾ?
4. ಬ್ಯಾಟರಿ ವಾರಂಟಿಯಲ್ಲಿ ಪೂರ್ತಿ ಬದಲಾವಣೆ ಎಷ್ಟು ತಿಂಗಳು, ಭಾಗಶಃ ಎಷ್ಟು ತಿಂಗಳು?
5. ಸರ್ವಿಸ್‌ಗೆ ಕಲಬುರಗಿಯಲ್ಲೇ ಮಂದಿ ಇದ್ದಾರಾ? ಕಮಲಾಪುರಕ್ಕೆ ಬರ್ತಾರಾ?
6. ಹಳೆ ಬ್ಯಾಟರಿ ಎಷ್ಟಕ್ಕೆ ತಗೋತೀರಿ? ಸೀಸ, ಆಸಿಡ್ ಇರೋ ಹಳೆ ಬ್ಯಾಟರಿಯನ್ನು ಗುಜರಿಯವರಿಗೆ ಕೊಡಬೇಡಿ, ಅಂಗಡಿಗೇ ವಾಪಸ್ ಕೊಡಿ.

2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ, ಲೆಡ್ ಆಸಿಡ್ ಬ್ಯಾಟರಿಯದು ಶೇ 28ರಿಂದ 18ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಹಳೆ ದರ ಹಾಕಿದ್ದಾರಾ ನೋಡಿಕೊಳ್ಳಿ.

ಬಾಡಿಗೆ ಮನೆಯವರಿಗೆ ಕೊನೆಯ ಮಾತು. ಮಾಳಿಗೆ ನಿಮ್ಮದಲ್ಲ, ಆದ್ದರಿಂದ ಸೋಲಾರ್ ಸದ್ಯಕ್ಕೆ ಬಿಡಿ. ಆದರೆ ಇನ್ವರ್ಟರ್, ಬ್ಯಾಟರಿ, ಬಿಎಲ್‌ಡಿಸಿ ಫ್ಯಾನ್ ಮೂರೂ ನಿಮ್ಮ ಜೊತೆ ಬರೋ ಸಾಮಾನು. ಸರಿಯಾದದ್ದು ತಗೊಂಡರೆ ಸ್ವಂತ ಮನೆಗೆ ಹೋದ ದಿನ ಪ್ಯಾನೆಲ್ ಒಂದೇ ಕೂಡಿಸಿದರೆ ಸಾಕು.

ಕಂಬ ಬಿದ್ದರೆ, ತಂತಿ ಹರಿದರೆ ಹತ್ತಿರ ಹೋಗಬೇಡಿ. ಜೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.